ಅಪ್‌ಡೇಟ್: ಎಟರ್ನಿಟಿ ಉಂಗುರ ಕೊನೆಗೂ ಆರಿಸಿದೆವು

ಹೋದ ವಾರ ಕೇಳಿದ್ದೆ, ಹೆಂಡತಿಗೆ ಮದುವೆ ವಾರ್ಷಿಕೋತ್ಸವಕ್ಕೆ ವಜ್ರದ ಎಟರ್ನಿಟಿ ಉಂಗುರ (ಒಂದೇ ಥರದ ಕಲ್ಲುಗಳನ್ನು ಸಾಲಾಗಿ ಕೂರಿಸಿದ ಉಂಗುರ) ಕೊಡಬೇಕು, ಪೂರ್ತಿ ಸುತ್ತ ಕಲ್ಲಿರುವುದು ಒಳ್ಳೆಯದಾ, ಅರ್ಧ ಸುತ್ತಿನದಾ ಅಂತ. ಅರ್ಧ ಸುತ್ತಿನದೇ ತಗೊಂಡೆವು.

"ಸುತ್ತಲೂ ಕಲ್ಲಿದ್ದರೆ ಆಮೇಲೆ ಸೈಜ್ ಬದಲಿಸುವುದು ತುಂಬಾ ಕಷ್ಟ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬೆರಳು ಅಳೆದು ನೋಡಿದೆವು, ಸಂಜೆ ಅರ್ಧ ಸೈಜ್ ಜಾಸ್ತಿ ಬಂತು! ಅರ್ಧ ಸುತ್ತಿನದರಲ್ಲಿ ಕೆಳಗೆ ಬರೀ ಲೋಹ ಇರುತ್ತದಲ್ವಾ, ಮುಂದೆ ಬೇಕಾದರೆ ಅಲ್ಲಿ ಸರಿ ಮಾಡಿಸಬಹುದು. ದಾರ ಸುತ್ತಿ ಅಳೆಯುವ ಸಲಹೆ ಮಾತ್ರ ನಮಗೆ ಕೆಲಸ ಮಾಡಲಿಲ್ಲ. ದಾರ ಹಿಗ್ಗುತ್ತದೆ, ಮೂರು ಸಲಕ್ಕೆ ಮೂರು ಅಳತೆ ಬಂತು. ಅಂಗಡಿಯ ಅಳತೆ ಉಂಗುರಗಳನ್ನೇ ಹಾಕಿ ನೋಡಿ, ಅದೂ ನಿಮ್ಮ ಉಂಗುರದಷ್ಟೇ ಅಗಲದ್ದು, ಯಾಕೆಂದರೆ ಅಗಲವಾದ ಉಂಗುರ ಬಿಗಿ ಅನಿಸುತ್ತದೆ.

ನನಗೆ ಗೊತ್ತೇ ಇಲ್ಲದ ವಿಷಯ ಒಂದಿತ್ತು. ಕಲ್ಲುಗಳ ಗಡಸುತನ ಹೇಳುವ ಮೋಸ್ (Mohs) ಅಳತೆಯಲ್ಲಿ ವಜ್ರ 10, ಅಂದರೆ ಎಲ್ಲಕ್ಕಿಂತ ಮೇಲೆ, ಹಾಗಾಗಿ ಪಕ್ಕದಲ್ಲಿ ಹಾಕುವ ಮದುವೆ ಉಂಗುರಕ್ಕೆ ಕಲ್ಲಿನ ಅಂಚು ತಾಗುತ್ತಿದ್ದರೆ ಚಿನ್ನ ಮೆಲ್ಲಗೆ ಸವೆಯುತ್ತದೆ. ಅದಕ್ಕೇ ಚಾನೆಲ್ ಸೆಟ್ಟಿಂಗ್ ಆರಿಸಿದೆವು. ಎರಡು ಲೋಹದ ಗೋಡೆಗಳ ನಡುವೆ ಕಲ್ಲುಗಳು ಸಾಲಾಗಿ ಕೂತಿರುತ್ತವೆ. ಕಲ್ಲುಗಳನ್ನು ಚಿಕ್ಕ ಲೋಹದ ಕೊಕ್ಕೆಗಳು ಹಿಡಿದಿರುವ ಉಂಗುರದಲ್ಲಿ ಹೊಳಪು ಜಾಸ್ತಿ ಇತ್ತು, ನಿಜ. ಆದರೆ ಅವಳು ಅದನ್ನು ಹಾಕಿಕೊಂಡು ಸ್ವೆಟರ್ ತೋಳಿನ ಮೇಲೆ ಕೈ ಸವರಿದಳು, ಒಂದು ಎಳೆ ಸಿಕ್ಕಿಕೊಂಡು ಎದ್ದು ಬಂತು. ಅಲ್ಲೇ ತೀರ್ಮಾನ ಆಯಿತು.

ಈಗ ದಿನಾ ಹಾಕಿಕೊಳ್ಳುತ್ತಿದ್ದಾಳೆ.