ಎಸ್‌ಸಿ ಸ್ಕಾಲರ್‌ಶಿಪ್ ಅರ್ಧ ಬಂದಿದೆ, ಮಿಕ್ಕಿದ್ದು ಎಲ್ಲಿ?

ಪಾಂಡವಪುರದ ಅಣ್ಣ: ತಂಗಿ ಮಂಡ್ಯದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಮಂಜೂರಾಗಿದೆ ಅಂತ ತೋರಿಸ್ತಿದೆ. ಒಂದು ಕಂತು ಬಂತು, ಇನ್ನೊಂದಿಲ್ಲ. ಮಧ್ಯದಲ್ಲಿ ಮೈಸೂರಲ್ಲಿ ಇನ್ನೊಂದು ಬ್ಯಾಂಕ್ ಖಾತೆ ತೆರೆದಿದ್ದಾಳೆ. ಯಾರನ್ನ ಕೇಳಬೇಕು?

ಸ್ಕಾಲರ್‌ಶಿಪ್ ಗುಮಾಸ್ತ: ಎರಡೂ ಒಂದೇ ಕಡೆಯಿಂದ ಬರೋ ದುಡ್ಡಲ್ಲ. ಮೆಟ್ರಿಕ್ ನಂತರದ ಎಸ್‌ಸಿ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಕೇಂದ್ರದ ಪಾಲಿಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು. ರಾಜ್ಯ ಮೊದಲು ತನ್ನ ಪಾಲು ಹಾಕಬೇಕು, ಆಮೇಲೆ ಕೇಂದ್ರ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಹಾಕುತ್ತೆ. ಅದಕ್ಕೇ ನಡುವೆ ತಿಂಗಳುಗಟ್ಟಲೆ ಅಂತರ ಬೀಳೋದು. ಕಾಲೇಜಿನವರ ಕೆಲಸ ದಾಖಲೆಗಳ ಇ-ದೃಢೀಕರಣ, ಅರ್ಜಿಯ ಪರಿಶೀಲನೆ. ಮಂಜೂರಾದ ಮೇಲೆ ಅವರನ್ನ ಕೇಳಿ ಪ್ರಯೋಜನವಿಲ್ಲ, ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ.

ಬ್ಯಾಂಕ್ ಮಿತ್ರ: ಕಚೇರಿಗೆ ಹೋಗೋ ಮುಂಚೆ ಆ ಹೊಸ ಖಾತೆ ನೋಡಿ, ನನಗೆ ಅನುಮಾನ ಅಲ್ಲೇ. ಈ ದುಡ್ಡು ಖಾತೆ ನಂಬರ್ ನೋಡಿ ಬರಲ್ಲ, ಆಧಾರ್ ನೋಡಿ ಬರುತ್ತೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿ ಎನ್‌ಪಿಸಿಐ ಅನ್ನೋ ಸಂಸ್ಥೆ ಹತ್ರ ಇರುತ್ತೆ. ಆಧಾರ್ ಎಷ್ಟು ಖಾತೆಗೆ ಕೊಟ್ಟಿದ್ರೂ ಆ ಪಟ್ಟಿಯಲ್ಲಿ ಇರೋದು ಒಂದೇ, ಕೊನೆಗೆ ಸೀಡ್ ಆದದ್ದು, ಅಂದ್ರೆ ಜೋಡಣೆಯಾದದ್ದು. ಹೊಸ ಖಾತೆ ತೆರೆಯುವಾಗ ಫಾರಂನಲ್ಲಿ ಸರ್ಕಾರದ ಸಹಾಯಧನ ಇದಕ್ಕೇ ಬರಲಿ ಅಂತ ಟಿಕ್ ಹಾಕಿದ್ರೆ ಹಳೇದು ತಾನಾಗೇ ಬಿಟ್ಟುಹೋಗುತ್ತೆ. ಬರೀ ಕೆವೈಸಿಗೆ ಜೆರಾಕ್ಸ್ ಕೊಟ್ಟಿದ್ರೆ ಸೀಡಿಂಗ್ ಆಗಿರಲ್ಲ.

ಮೈಆಧಾರ್ ಪೋರ್ಟಲ್‌ಗೆ ಓಟಿಪಿ ಹಾಕಿ ಒಳಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತಿ. ಬ್ಯಾಂಕಿನ ಹೆಸರು, ಆಕ್ಟಿವ್ ಇದೆಯೋ ಇಲ್ಲವೋ ಎರಡೂ ಬರುತ್ತೆ. ‘ಇನ್‌ಆಕ್ಟಿವ್’ ಅಂತಿದ್ರೆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಸೀಡಿಂಗ್ ಮಾಡಿಸಿ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ರಾಜ್ಯದ ಪಾಲು ಯಾವತ್ತು, ಯಾವ ಖಾತೆಗೆ ಬಿತ್ತು ಅಂತ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಸಮೇತ ಸಿಗುತ್ತೆ.

ಪಾಂಡವಪುರದ ಅಣ್ಣ: ನೋಡಿದೆ ಸರ್, ಮೈಸೂರಿನ ಬ್ಯಾಂಕೇ ತೋರಿಸ್ತಿದೆ, ಆಕ್ಟಿವ್.

ಬ್ಯಾಂಕ್ ಮಿತ್ರ: ಹಾಗಾದ್ರೆ ಮೊದಲು ಅದರ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಬಂದು ಕೂತಿರಬಹುದು. ಬಂದಿಲ್ಲದಿದ್ರೂ ಈಗ ಸೀಡಿಂಗ್ ಬದಲಾಯಿಸಬೇಡಿ. ದುಡ್ಡು ಹೊರಟಿರೋ ಹೊತ್ತಲ್ಲಿ ಬದಲಾಯಿಸಿದ್ರೆ ವಾಪಸ್ ಹೋಗೋ ಅಪಾಯ ಇದೆ.

ಸ್ಕಾಲರ್‌ಶಿಪ್ ಗುಮಾಸ್ತ: ಮುಂದಿನ ವರ್ಷದ ಅರ್ಜಿಗೆ ಆದಾಯ ಪ್ರಮಾಣಪತ್ರದ ತಾರೀಖು ಈಗಲೇ ನೋಡ್ಕೊಳ್ಳಿ. ಐದು ವರ್ಷ ದಾಟಿದ್ರೆ ಅದರ ಮೇಲಿರೋ ಆರ್‌ಡಿ ನಂಬರ್ (ಪ್ರಮಾಣಪತ್ರದ ಸಂಖ್ಯೆ) ನಡೆಯಲ್ಲ, ನಾಡಕಚೇರಿಯಲ್ಲಿ ಹೊಸದು ಮಾಡಿಸಬೇಕು. ಅರ್ಜಿ ಕೊನೆ ವಾರದಲ್ಲಿ ಅಲ್ಲಿ ರಶ್ಶು.