ಮೂರನೇ ಸಲವೂ ಕೊತ್ತಂಬರಿ ಮೊಳೀಲಿಲ್ಲ, ಯಾರಾದ್ರೂ ಹೇಳಿ

ತಾರಸಿತೋಟ, ರಾಜಾಜಿನಗರ:
ಎರಡು ಟ್ರೇ, ಮೂರು ಸಲ ಬಿತ್ತಿದೆ. ಧನಿಯಾ ಒಡೆದು ರಾತ್ರಿ ನೆನೆಸಿಯೇ ಹಾಕಿದ್ದು. 20 ದಿನ ಆಯ್ತು, ಒಂದೆಳೆ ಹಸಿರಿಲ್ಲ. ಕೆದಕಿದ್ರೆ ಕಾಳು ಹಾಗೇ ಕೂತಿದೆ. ಮಣ್ಣು, ನೀರು ಎಲ್ಲ ಸರಿಯಾಗೇ ಇದೆ. ಸಾಕಾಗಿಹೋಗಿದೆ.

ಕೆಂಪುಮಣ್ಣು:
ಸಸಿ ಕೊಳೆ ರೋಗ ಮೇಡಂ. ಟ್ರೈಕೋಡರ್ಮಾ ಹಾಕಿ, ರೋಗದ ಬೂಷ್ಟನ್ನ ತಡೆಯೋ ಒಳ್ಳೆ ಶಿಲೀಂಧ್ರ ಅದು.

ತಾರಸಿತೋಟ:
ಹಾಕಿ 10 ದಿನ ಆಯ್ತು ಸರ್.

ಕೆಂಪುಮಣ್ಣು:
ಹಾಗಾದ್ರೆ ಕಮ್ಮಿ ಆಗಿದೆ. ಬೇವಿನ ಹಿಂಡಿ ಬೆರೆಸಿ ಇನ್ನೊಂದ್ಸಲ ಹಾಕಿ. ನಮ್ಮನೇಲಿ 60 ಗ್ರೋ ಬ್ಯಾಗ್, ಡ್ರಿಪ್ಪು, ಟೈಮರ್ರು, ಎಲ್ಲಕ್ಕೂ ಟ್ರೈಕೋಡರ್ಮಾನೇ.

ಎಳೆಬಿಸಿಲು:
ಕಾಳು ಕೊಳೆತೇ ಇಲ್ವಲ್ಲ ಸರ್. ಅಕ್ಕ, ಟ್ರೇಗೆ ಏನಾದ್ರೂ ಹೊಡೆದಿದ್ರಾ?

ತಾರಸಿತೋಟ:
ಕೆಮಿಕಲ್ ಏನೂ ಇಲ್ಲಪ್ಪ. ಇರುವೆಗೆ, ಬೂಷ್ಟಿಗೆ ಅಂತ ಲವಂಗದ ಎಣ್ಣೆ ಅಷ್ಟೆ. ಲೀಟರ್ ನೀರಿಗೆ 2 ಚಮಚ, ದಿನ ಬಿಟ್ಟು ದಿನ.

ಎಳೆಬಿಸಿಲು:
ಅಲ್ಲೇ ಇರಬೇಕು ಅಕ್ಕ. ಅದರಲ್ಲಿ ಬಹುಪಾಲು ಯೂಜಿನಾಲ್ ಅನ್ನೋ ರಾಸಾಯನಿಕ. ಜೀವಕೋಶದ ಪೊರೆಯನ್ನೇ ಕೆಡಿಸುತ್ತೆ. ಇದು ಬೂಷ್ಟು, ಇದು ಮೊಳಕೆ ಅಂತ ನೋಡಲ್ಲ. ಕಳೆ ಸುಡೋಕೂ ಬಳಸ್ತಾರೆ. ಟ್ರೈಕೋಡರ್ಮಾನೂ ಶಿಲೀಂಧ್ರವೇ, ಅದಕ್ಕೂ ಏಟು ಬಿದ್ದಿರುತ್ತೆ.

ಕೆಂಪುಮಣ್ಣು:
ನಾನು ವಾರವಾರ ಬೇವಿನೆಣ್ಣೆ ಹೊಡೀತೀನಿ, ಏನೂ ಆಗಿಲ್ಲ.

ಎಳೆಬಿಸಿಲು:
ಅದು ಬೀಜ ಹಿಂಡಿ ತೆಗೆದದ್ದು, ಆವಿಯಾಗಲ್ಲ. ಲವಂಗದ್ದು ಬಟ್ಟಿ ಇಳಿಸಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತೋಪಿನಮನೆ:
ನೀಲಗಿರಿ ತೋಪಲ್ಲಿ ಹುಲ್ಲು ಬರದಿರೋದೂ ಅದರ ಎಲೆಯೆಣ್ಣೆಯಲ್ಲಿರೋ, ಆವಿಯಾಗೋ ಸಿನಿಯೋಲ್‌ನಿಂದಾನೇ. ಕ್ಯಾಲಿಫೋರ್ನಿಯಾದ ಸಾಲ್ವಿಯಾ ಅನ್ನೋ ಘಮದ ಪೊದೆಗಳ ಸುತ್ತ ನೆಲ ಬೋಳಾಗಿರೋದಕ್ಕೆ ಸಸ್ಯವಿಜ್ಞಾನಿ ಮುಲ್ಲರ್ ತಂಡ 1964ರಲ್ಲೇ ಇಂಥ ಆವಿಯನ್ನ ಕಾರಣ ಅಂದಿತ್ತು.

ಎಳೆಬಿಸಿಲು:
ಮುಂದಿನದನ್ನೂ ಹೇಳಿ ಸರ್. 1970ರಲ್ಲಿ ಬಾರ್ತಲೊಮಿಯು ಅನ್ನೋ ಸಂಶೋಧಕ ಜಾಲರಿ ಹಾಕಿ ಇಲಿ, ಮೊಲ ಮೇಯದ ಹಾಗೆ ತಡೆದಾಗ ಅದೇ ಬೋಳು ನೆಲದಲ್ಲಿ ಹುಲ್ಲು ಬಂತು. ತೋಪಲ್ಲೂ ನೀರಿನ ಕೊರತೆ, ನೆರಳು, ತರಗೆಲೆ ಎಲ್ಲ ಸೇರಿರುತ್ತೆ.

ತೋಪಿನಮನೆ:
ಹಾಗಿದ್ರೆ ಈ ಟ್ರೇ ವಿಷಯದಲ್ಲಿ ಎಣ್ಣೇನೇ ಅಂತ ಹೇಗೆ ಹೇಳ್ತೀರಿ?

ಎಳೆಬಿಸಿಲು:
ನ್ಯಾಯವಾದ ಪ್ರಶ್ನೆ. ಅಕ್ಕ, ಒಂದು ಲೋಟಕ್ಕೆ ಟ್ರೇ ಮಣ್ಣು, ಇನ್ನೊಂದಕ್ಕೆ ಎಣ್ಣೆ ಸೋಕದ ಮಣ್ಣು. ಎರಡಕ್ಕೂ 20 ಸಾಸಿವೆ ಕಾಳು ಹಾಕಿ, ಬರೀ ನೀರು ಕೊಡಿ.

ತಾರಸಿತೋಟ, 5 ದಿನ ಆದಮೇಲೆ:
ಹೊಸ ಮಣ್ಣಲ್ಲಿ 17 ಮೊಳೆತಿದೆ. ಟ್ರೇ ಮಣ್ಣಲ್ಲಿ 2, ಅವೂ ಗಿಡ್ಡ; ಬೇರಿನ ತುದಿ ಕಂದಾಗಿ ಸುರುಟಿದೆ. ಮೂಸಿದ್ರೆ ಇನ್ನೂ ಲವಂಗ! ಮಣ್ಣು ಎಸೆದುಬಿಡ್ಲಾ?

ಎಳೆಬಿಸಿಲು:
ಬೇಡ ಅಕ್ಕ. ತಾರಸಿ ಮೇಲೆ ತೆಳ್ಳಗೆ ಹರಡಿ, ದಿನಾ ಕೈಯಾಡಿಸಿ. ಒಂದಷ್ಟು ಗಾಳಿಗೆ ಹೋಗುತ್ತೆ, ಉಳಿದದ್ದನ್ನ ಮಣ್ಣಿನ ಬ್ಯಾಕ್ಟೀರಿಯಾ ತಿಂದು ಮುಗಿಸ್ತವೆ. ಘಮ ಹೋದಮೇಲೆ ಮತ್ತೆ ಸಾಸಿವೆ ಹಾಕಿ ನೋಡಿ, ಆಮೇಲೆ ಧನಿಯಾ.

ಕೆಂಪುಮಣ್ಣು:
ಟ್ರೈಕೋಡರ್ಮಾನೂ ಆವಾಗಲೇ ಹಾಕಿ ಮೇಡಂ, ಹಿಡ್ಕೊಳ್ಳುತ್ತೆ.

ತಾರಸಿತೋಟ:
ಸರಿ. ಇರುವೆಗೆ ಮಾತ್ರ ಏನು ಮಾಡ್ಲಿ, ಅದನ್ನ ಯಾರೂ ಹೇಳ್ಲೇ ಇಲ್ಲ.