ಕೆಲಸ ಬರುತ್ತದೆ, ನಡೆಸುವುದು ಬರುತ್ತಿಲ್ಲ

ಹೊಸ_ಮ್ಯಾನೇಜರ್:
ಎಂಟು ವರ್ಷ ಮಷಿನ್ ಮುಂದೆ ನಿಂತು ಕೆಲಸ ಮಾಡಿದವನು ನಾನು. ಆರು ತಿಂಗಳ ಹಿಂದೆ ಇಡೀ ಯೂನಿಟ್ ನನ್ನ ಕೈಗೆ ಬಂತು, ಹನ್ನೆರಡು ಜನ ಇದ್ದಾರೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುತ್ತೇನೆ, ರಾತ್ರಿ ಬೀಗ ಹಾಕುವವನೂ ನಾನೇ. ಆರ್ಡರ್‌ಗೆ ಕೊರತೆ ಇಲ್ಲ, ಲೆಕ್ಕದಲ್ಲಿ ಲಾಭವೂ ಕಾಣುತ್ತದೆ, ಆದರೆ ಸಂಬಳದ ದಿನ ಬ್ಯಾಂಕ್ ಬ್ಯಾಲೆನ್ಸ್ ನೋಡಿದರೆ ಎದೆ ಡವಡವ ಅನ್ನುತ್ತದೆ. ಯಾರಾದರೂ ತಪ್ಪು ಮಾಡಿದರೆ ಹೇಳಿಕೊಡುವುದಕ್ಕಿಂತ ನಾನೇ ಮಾಡಿ ಮುಗಿಸುವುದು ಬೇಗ ಅನಿಸುತ್ತದೆ. ಈ ಕುರ್ಚಿಯಲ್ಲಿ ಕೂತವನ ಕೆಲಸ ನಿಜಕ್ಕೂ ಏನು?

ಲೆಕ್ಕದ_ಪುಸ್ತಕ:
ಮೊದಲು ದುಡ್ಡಿನ ವಿಷಯ. ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ. ಬಿಲ್ ಬರೆದ ದಿನವೇ ಮಾರಾಟ ಲೆಕ್ಕಕ್ಕೆ ಸೇರಿಬಿಡುತ್ತದೆ, ದುಡ್ಡು ಬರುವುದು ಯಾವಾಗಲೋ. ಮಾಲು 20 ದಿನ ನಿಮ್ಮಲ್ಲೇ ಇರುತ್ತದೆ, ಗಿರಾಕಿ 60 ದಿನಕ್ಕೆ ಕೊಡುತ್ತಾರೆ, ನೀವು ಕಚ್ಚಾ ಮಾಲಿನವರಿಗೆ 30 ದಿನಕ್ಕೆ ಕೊಡಬೇಕು ಅಂದುಕೊಳ್ಳಿ. 20ಕ್ಕೆ 60 ಸೇರಿಸಿ 30 ಕಳೆದರೆ, 50 ದಿನ ನಿಮ್ಮ ದುಡ್ಡು ಸಿಕ್ಕಿಕೊಂಡಿತು, ಅಲ್ವಾ? ಆರ್ಡರ್ ಜಾಸ್ತಿಯಾದಷ್ಟೂ ಸಿಕ್ಕಿಕೊಳ್ಳುವ ದುಡ್ಡೂ ಜಾಸ್ತಿ, ಅದಕ್ಕೇ ಎಷ್ಟೋ ಸಲ ಚೆನ್ನಾಗಿ ಬೆಳೆಯುತ್ತಿರುವ ಬಿಸಿನೆಸ್ಸೇ ಉಸಿರುಗಟ್ಟುತ್ತದೆ. ಮುಂದಿನ 13 ವಾರಕ್ಕೆ ಒಂದು ಹಾಳೆ ಮಾಡಿ. ಯಾವ ವಾರ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಅಷ್ಟೇ. ಪ್ರತಿ ಸೋಮವಾರ ತಿದ್ದಿ. ಬಾಕಿ ಕೇಳಿ ಫೋನ್ ಮಾಡಲು ನಾಚಿಕೆ ಬೇಡ, ಅದೂ ನಿಮ್ಮ ಕೆಲಸವೇ.

ಹಳೇ_ಸೂಪರ್‌ವೈಸರ್:
ಅದೆಲ್ಲ ಸರಿ. ಆದರೆ ರೋಗ ಇರುವುದು "ನಾನೇ ಮಾಡಿ ಮುಗಿಸುವುದು ಬೇಗ" ಅನ್ನುವುದರಲ್ಲಿ. ನಾನೂ ಹಾಗೇ ಇದ್ದೆ. ಒಂದು ಸಲ ಜ್ವರ ಬಂದು ಐದು ದಿನ ಮಲಗಿದೆ. ವಾಪಸ್ ಬಂದು ನೋಡಿದರೆ ಪ್ಯಾಕ್ ಆದ ಮಾಲು ಬಾಗಿಲ ಹತ್ತಿರ ಹಾಗೇ ಕೂತಿದೆ, ಯಾಕಂದರೆ ಕಳಿಸುವ ಚೀಟಿಗೆ ನನ್ನದೇ ಸಹಿ ಬೇಕಿತ್ತು. ಜನರ ಮೇಲೆ ರೇಗಿದೆ, ಆಮೇಲೆ ಹೊಳೆಯಿತು, ಆ ಅಧಿಕಾರ ನಾನೇ ಯಾರಿಗೂ ಕೊಟ್ಟಿರಲಿಲ್ಲ. ಏನು ಬೇಕು, ಯಾವತ್ತಿಗೆ ಬೇಕು, ಎಲ್ಲಿಯವರೆಗೆ ನಿಮ್ಮನ್ನು ಕೇಳದೆ ತೀರ್ಮಾನ ಮಾಡಬಹುದು, ಇಷ್ಟು ಹೇಳಿ. ಹೇಗೆ ಅನ್ನುವುದನ್ನು ಅವರಿಗೇ ಬಿಡಿ. ಮೊದಲ ತಿಂಗಳು ತಪ್ಪಾಗುತ್ತದೆ, ಹಲ್ಲು ಕಚ್ಚಿಕೊಂಡು ಸುಮ್ನೆ ಇರಿ.

ಓದುವ_ಚಟ:
ಇದು ಹಳೇ ಕಥೆ. ಫ್ರಾನ್ಸಿನ ಗಣಿ ಎಂಜಿನಿಯರ್ ಆನ್ರಿ ಫೇಯೋಲ್ 1916ರಲ್ಲೇ ಮ್ಯಾನೇಜರ್ ಕೆಲಸವನ್ನು ಐದಾಗಿ ಬಿಡಿಸಿದ್ದರು. ಯೋಜನೆ, ವ್ಯವಸ್ಥೆ, ಆದೇಶ, ಹೊಂದಾಣಿಕೆ, ನಿಯಂತ್ರಣ. ಮಷಿನ್ ಮುಂದೆ ನಿಲ್ಲುವುದು ಅದರಲ್ಲಿ ಇಲ್ಲ ನೋಡಿ! 1955ರಲ್ಲಿ, ಮ್ಯಾನೇಜ್‌ಮೆಂಟ್ ಬಗ್ಗೆ ಬರೆಯುತ್ತಿದ್ದ ಅಮೆರಿಕದ ರಾಬರ್ಟ್ ಕಾಟ್ಜ್ ಹೇಳಿದ್ದು ನಿಮಗೆ ಇನ್ನೂ ಹತ್ತಿರ. ಮೇಲೆ ಹೋದಂತೆ ಕೈಕೆಲಸದ ಜಾಣ್ಮೆ ಕಡಿಮೆ ಸಾಕು, ಇಡೀ ಚಿತ್ರ ಕಾಣುವ ಕಣ್ಣು ಜಾಸ್ತಿ ಬೇಕು, ಜನರ ಜೊತೆ ಹೊಂದಿಕೊಂಡು ಕೆಲಸ ಮಾಡಿಸುವುದು ಮಾತ್ರ ಎಲ್ಲ ಹಂತದಲ್ಲೂ ಬೇಕು.

ಹೊಸ_ಮ್ಯಾನೇಜರ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹಾಳೆ ಮಾಡಲು ಕೂತೆ. ಎಲ್ಲಕ್ಕಿಂತ ದೊಡ್ಡ ಬಾಕಿ ಇದ್ದವರಿಗೆ ಫೋನ್ ಮಾಡಿದರೆ, ಬಿಲ್ಲೇ ಬಂದಿಲ್ಲ ಅಂದರು. ಡ್ರಾಯರ್ ತೆಗೆದು ನೋಡಿದೆ. ಬರೆದ ಬಿಲ್ಲು ಅಲ್ಲೇ ಇದೆ, ಎರಡು ತಿಂಗಳ ಹಿಂದಿನದು.